ಅಲ್ಪವಿರಾಮ ಬದುಕಿಸಿದ ತಾಯಿ

ನಮ್ಮ ಎದುರುಮನೆಯವನಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇದೆ, ಆದರೆ ಅದು ವಿದ್ಯುತ್ ಬಿಲ್ಲಿಗಷ್ಟೇ ಉಪಯೋಗ. ಕಟ್ಟಡದವರೆಲ್ಲ ಅವನನ್ನು ಕರೆಯುವುದು ಅಲ್ಪವಿರಾಮ ಎಂದು. ಒಂದು ವಾರಪತ್ರಿಕೆಯಲ್ಲಿ ಅವನದು ಕರಡು ತಿದ್ದುವ ಕೆಲಸ. ಅಚ್ಚಿಗೆ ಹೋಗುವ ಮೊದಲು ಪ್ರತಿ ಪುಟವನ್ನೂ ಓದಿ, ತಪ್ಪು ಹುಡುಕಿ, ಕೆಂಪು ಶಾಯಿಯಲ್ಲಿ ಗೀಚಿ, ಕೆಳಗೆ ‘ಅಚ್ಚಿಗೆ ಹೋಗಬಹುದು’ ಎಂದು ಬರೆದು ಸಹಿ ಹಾಕಬೇಕು. ಈ ಕೆಲಸವನ್ನು ಕಚೇರಿಯಲ್ಲೇ ಮುಗಿಸಿ ಬಂದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಈ ಮಹಾಶಯ ಕೆಂಪು ಪೆನ್ನನ್ನು ಜೇಬಿನಲ್ಲಿಟ್ಟುಕೊಂಡೇ ಮನೆಗೆ ಬರುತ್ತಾನೆ. ಲಿಫ್ಟ್ ಕೆಟ್ಟಿದೆ ಎಂದು ಅಂಟಿಸಿದ ಚೀಟಿಯನ್ನು ತಿದ್ದಿದ್ದಾನೆ. ನನ್ನ ಮಗಳ ಮದುವೆಯ ಕರೆಯೋಲೆಯನ್ನು ತಿದ್ದಿ ನಮ್ಮ ಬಾಗಿಲ ಕೆಳಗಿಂದಲೇ ವಾಪಸ್ ತಳ್ಳಿದ್ದಾನೆ. ಮದುವೆಯ ಊಟಕ್ಕೆ ಮಾತ್ರ ತಪ್ಪದೆ ಬಂದ, ಊಟದಲ್ಲಿ ಅವನಿಗೆ ಯಾವ ತಪ್ಪೂ ಕಾಣಲಿಲ್ಲ.

ಇಂಥವನ ಕೊರಳಿಗೆ ಬಿದ್ದದ್ದು ಅದೇ ಪತ್ರಿಕೆಯ ಧಾರಾವಾಹಿ, ‘ಬಾಡಿದ ಹೂವಿನ ಬೆಂಕಿ’. ಅದು ಶುರುವಾಗಿ ಎಷ್ಟು ಕಾಲವಾಯಿತೋ ಯಾರಿಗೂ ನೆನಪಿಲ್ಲ. ನಾಯಕಿಗೆ ಮೊದಲ ವಾರ ಎಷ್ಟು ವಯಸ್ಸಿತ್ತೋ ಈಗಲೂ ಅಷ್ಟೇ, ಅವಳ ತಮ್ಮ ಮಾತ್ರ ಬೆಳೆದು ಬೆಳೆದು ಅವಳಿಗೆ ಅಣ್ಣನಾಗುವ ಹಂತಕ್ಕೆ ಬಂದಿದ್ದಾನೆ. ಪತ್ರಿಕೆ ಬಂದ ದಿನ ನಮ್ಮ ಕಟ್ಟಡದ ಮೆಟ್ಟಿಲುಗಳ ಮೇಲೆ ಮಾತಿರುವುದಿಲ್ಲ. ಎಲ್ಲರೂ ಓದುತ್ತಿರುತ್ತಾರೆ.

“ನೀವೇ ಹೇಳಿ,” ಅಂತ ಅಲ್ಪವಿರಾಮ ನನ್ನನ್ನು ಮೆಟ್ಟಿಲಲ್ಲೇ ಅಡ್ಡಗಟ್ಟುತ್ತಿದ್ದ. “ಬಾಡಿದ ಹೂವಿಗೆ ಬೆಂಕಿ ಎಲ್ಲಿಂದ ಬರತ್ತೆ? ಕೇಳಿ ಇದನ್ನ. ‘ಅವಳು ಅತ್ತಳು. ಅವಳ ಕಣ್ಣಲ್ಲಿ ನೀರು ಬಂತು. ಕಣ್ಣೀರು ಹರಿಯಿತು.’ ಒಂದು ಅಳುವಿಗೆ ಮೂರು ವಾಕ್ಯ! ಎರಡನ್ನ ನಾನು ಹೊಡೆದು ಹಾಕಿದ್ರೆ ಸಂಪಾದಕರು ಮತ್ತೆ ಸೇರಿಸ್ತಾರೆ. ಎಷ್ಟೊಂದು ಒಳ್ಳೆ ಪುಸ್ತಕ ನಮ್ಮ ಮನೇಲಿ ಸಾಲಾಗಿ ನಿಂತಿದೆ, ಒಬ್ರೂ ಕೇಳಲ್ಲ. ಇದಕ್ಕೆ ಮಾತ್ರ ಮುಗಿಬೀಳ್ತಾರೆ. ಯಾಕೆ? ನಿಜವಾಗ್ಲೂ ಕೇಳ್ತಿದೀನಿ, ಯಾಕೆ?”

ನನಗೇನು ಗೊತ್ತು! ನಾನು ಅದನ್ನು ಓದುವವನಲ್ಲ. ನನ್ನ ಹೆಂಡತಿ ಓದುವಾಗ ಅವಳ ಹೆಗಲ ಹಿಂದೆ ನಿಂತಿರುತ್ತೇನೆ, ಅಷ್ಟೆ. ಅವಳು ಪುಟ ಬೇಗ ತಿರುಗಿಸಿದರೆ ಸ್ವಲ್ಪ ಬೇಜಾರಾಗುತ್ತದೆ.

ಅಲ್ಪವಿರಾಮನ ಮನೆಯಲ್ಲೂ ಆ ಧಾರಾವಾಹಿ ನಡೆಯುತ್ತಿತ್ತು. ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಕಣ್ಣಿನ ಪೊರೆ ತೆಗೆಸಲು ಬಂದು ಮಗಳ ಮನೆಯಲ್ಲಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಎದುರಿಗಿರುವವರು ಮಗಳೋ ಕಪಾಟೋ ಎನ್ನುವುದೇ ಕಷ್ಟವಾಗಿತ್ತು. ಕಪಾಟಿಗೆ “ಊಟ ಆಯ್ತಾ ಅಳಿಯಂದ್ರೇ?” ಅಂತ ಕೇಳಿದ್ದನ್ನು ನಾನೇ ನೋಡಿದ್ದೇನೆ. ಓದಲು ಕಣ್ಣಿಲ್ಲದ್ದರಿಂದ ಮಗಳು ವಾರವಾರವೂ ಪಕ್ಕದಲ್ಲಿ ಕೂತು ಜೋರಾಗಿ ಓದಿ ಹೇಳುತ್ತಿದ್ದಳು. ಆ ಹೊತ್ತಿಗೆ ಅಲ್ಪವಿರಾಮ ಕಿವಿಗೆ ಹತ್ತಿ ತುರುಕಿಕೊಂಡು ಬಾಲ್ಕನಿಯಲ್ಲಿ ನಿಲ್ಲುತ್ತಿದ್ದ.

ಎಡವಟ್ಟಿಗೆ ಬೀಜ ಬಿದ್ದದ್ದು ಟೆರೇಸಿನ ಮೇಲೆ. ಬಟ್ಟೆ ಒಣಹಾಕಲು ಹೆಂಡತಿಯ ಜೊತೆ ಅಲ್ಪವಿರಾಮನೂ ಹೋಗಿದ್ದ. ಅಲ್ಲಿ ಮೇಲ್ಮನೆಯ ಟೈಲರಮ್ಮ ಮತ್ತು ನನ್ನ ಹೆಂಡತಿ ಸೇರಿ, ನಾಯಕಿ ಮೋಸಗಾರ ಡ್ರೈವರನ್ನು ನಂಬಬೇಕೋ ಬೇಡವೋ ಎಂದು ಚರ್ಚೆ ನಡೆಸಿದ್ದರು. ಇವನಿಗೆ ತಡೆಯಲಾಗಲಿಲ್ಲ.

“ಅದೊಂದು ಕಾದಂಬರೀನಾ?” ಅಂದ. “ಅದು ಬರೋವಾಗ ಬರೀ ಕಸ. ಓದೋ ಹಾಗೆ ಆಗೋದೇ ನನ್ನ ಕೈಯಲ್ಲಿ. ನಾನಿಲ್ಲದಿದ್ರೆ ಆ ಡ್ರೈವರ್ ಎಡಗಾಲಿಗೆ ಪೆಟ್ಟಾಗಿ ಬಲಗಾಲು ಕುಂಟ್ತಿದ್ದ.”

ಅವನು ಕೆಳಗಿಳಿದು ಹೋದ ಮೇಲೆ ಟೈಲರಮ್ಮ ಬಾಯಲ್ಲಿದ್ದ ಕ್ಲಿಪ್ಪನ್ನು ತೆಗೆದು, ಪತ್ತೇದಾರನ ಹಾಗೆ ಹೇಳಿದಳು: “ಇವರೇ ಬರೆಯೋದು.”

“ಯಾವುದನ್ನ?” ಅಂತ ನನ್ನ ಹೆಂಡತಿ.

“ಬಾಡಿದ ಹೂವನ್ನ! ಬೇರೆ ಯಾವುದೋ ಹೆಸರು ಇಟ್ಕೊಂಡಿದಾರೆ. ಇಲ್ಲದಿದ್ರೆ ಇಷ್ಟು ಬೈತಾರಾ? ಯಾರಾದ್ರೂ ಬೇರೆಯವರ ಮಕ್ಕಳನ್ನ ಇಷ್ಟು ಬೈತಾರಾ? ನನ್ನ ಮಗನ್ನ ನಾನು ಬೈಯಲ್ವಾ, ಹಾಗೇ ಇದು.”

ಈ ತರ್ಕಕ್ಕೆ ಎದುರುತ್ತರ ಯಾವ ವಕೀಲನ ಹತ್ತಿರವೂ ಇಲ್ಲ. ಸಂಜೆಯೊಳಗೆ ಕಟ್ಟಡಕ್ಕೆಲ್ಲ ಗೊತ್ತಾಯಿತು, ಮಾರನೆಯ ದಿನ ಬೀದಿಗೆ. ಕಿರಾಣಿ ಅಂಗಡಿಯವನು ಅಲ್ಪವಿರಾಮನಿಗೆ ಟೊಮೇಟೊವನ್ನು ತಾನೇ ಆರಿಸಿ ಕೊಟ್ಟ. ವಿದ್ಯುತ್ ಕಚೇರಿಯಲ್ಲಿ, ಎಷ್ಟು ಸಲ ಅಲೆದರೂ ಬದಲಾಗದಿದ್ದ ಅವನ ಮೀಟರು ಒಂದೇ ಬೆಳಗ್ಗೆ ಬದಲಾಯಿತು. ಬದಲಾಯಿಸಿದ ಗುಮಾಸ್ತ ಏಣಿಯ ಮೇಲಿಂದಲೇ ಕೇಳಿದನಂತೆ, “ಸರ್, ಆ ಹುಡುಗಿಗೆ ಮದುವೆ ಆಗತ್ತಾ ಇಲ್ವಾ, ನನಗೊಬ್ಬನಿಗೆ ಹೇಳಿ.”

ಅಲ್ಪವಿರಾಮ ಸುಳ್ಳು ಹೇಳಲಿಲ್ಲ, ಆ ಮಟ್ಟಿಗೆ ಅವನು ಸತ್ಯವಂತ. “ಛೆ ಛೆ, ನಾನು ಬರೆಯೋದಲ್ಲಾರೀ” ಅಂದ. ಆದರೆ ಹೇಳುವಾಗ ತಲೆ ತಗ್ಗಿಸಿ, ಕನ್ನಡಕ ಒರೆಸಿಕೊಂಡು, ಸ್ವಲ್ಪ ನಕ್ಕ. ಹಾಗೆ ಹೇಳಿದರೆ ಹೌದು ಅಂತಲೇ ಅರ್ಥ. ಮೀಟರು ಬದಲಾಗಿದೆ, ಟೊಮೇಟೊ ಕೆಂಪಗಿದೆ, ಅಂಥ ಹೊತ್ತಿನಲ್ಲಿ ಯಾರು ತಾನೇ ಕಟ್ಟುನಿಟ್ಟಾಗಿ ಅಲ್ಲ ಅನ್ನುತ್ತಾರೆ?

ಸಿಕ್ಕ ಮರ್ಯಾದೆಯನ್ನು ಅವನು ತನ್ನ ಹಳೆಯ ಪ್ರಶ್ನೆಗೂ ಬಳಸಿಕೊಂಡ. ಕಿರಾಣಿಯವನನ್ನು ಕೇಳಿದ, “ನಿಮಗೆ ಅದ್ರಲ್ಲಿ ಏನ್ ಇಷ್ಟ?”

“ಗಿರಾಕಿ ಬಂದಾಗ ಕೆಳಗಿಡ್ತೀನಿ, ಹೋದ್ಮೇಲೆ ಎತ್ಕೋತೀನಿ,” ಅಂದ ಅವನು. “ಎಲ್ಲಿ ಬಿಟ್ಟಿದ್ದೆ ಅಂತ ಹುಡುಕೋದೇ ಬೇಡ ಸರ್. ಎಲ್ಲಿ ತೆಗೆದ್ರೂ ಅವಳು ಅಳ್ತಾನೇ ಇರ್ತಾಳೆ. ಏನ್ ಚೆನ್ನಾಗಿ ಬರೀತೀರಿ!”

ಅಲ್ಪವಿರಾಮನಿಗೆ ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಮನೆಗೆ ಬಂದು ನನ್ನ ಹತ್ತಿರ ಹೇಳಿಕೊಂಡ. ನಾನು ಹೊಗಳಿಕೆ ಅಂತಲೇ ಇಟ್ಕೊಳ್ಳಿ ಅಂದೆ.

ಇಷ್ಟರಲ್ಲಿ ಕಾದಂಬರಿಯಲ್ಲಿ ನಾಯಕಿಯ ತಾಯಿಗೂ ಆಪರೇಷನ್ ಬಂತು. ಹೊಟ್ಟೆಯದೋ ಹೃದಯದ್ದೋ ಬರೆದವರಿಗೇ ಖಚಿತವಿರಲಿಲ್ಲ, ಒಂದು ವಾರ ಒಂದು ಹೇಳಿದರೆ ಇನ್ನೊಂದು ವಾರ ಇನ್ನೊಂದು. ಅಲ್ಪವಿರಾಮನ ಅತ್ತೆ ಮಾತ್ರ ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಿದ್ದರು. ಅವರ ಕಣ್ಣಿನ ಆಪರೇಷನ್ ಕೂಡ ಹತ್ತಿರದಲ್ಲೇ ಇತ್ತು. ಅವರು ಒಳಗೊಳಗೇ ತುಂಬಾ ಹೆದರಿದ್ದರು, ಹೆದರಿದ್ದೇನೆ ಅಂತ ಬಾಯಿಬಿಟ್ಟು ಹೇಳಿರಲಿಲ್ಲ.

ಆ ವಾರ ಆಪರೇಷನ್ ಟೇಬಲ್ಲಿನ ಮೇಲೆ ತಾಯಿ ಸತ್ತಳು. ‘ಉಸಿರು ನಿಂತಿತು. ಉಸಿರಾಟ ಇರಲಿಲ್ಲ. ಉಸಿರೇ ಇಲ್ಲವಾಯಿತು. (ಇನ್ನೂ ಇದೆ)’ ಎಂದು ಕಂತು ಮುಗಿದಿತ್ತು.

ಕಟ್ಟಡದಲ್ಲಿ ನಿಜವಾಗಿಯೂ ಸಾವಾದಂತಾಯಿತು. ಟೈಲರಮ್ಮ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದಳು. ನನ್ನ ಹೆಂಡತಿ ನನಗೆ ಎರಡು ಹೊತ್ತೂ ಬ್ರೆಡ್ಡು ಕೊಟ್ಟಳು. ಕಿರಾಣಿಯವನು ಟೊಮೇಟೊ ಚೀಲವನ್ನು ಅಲ್ಪವಿರಾಮನ ಮುಂದೆ ದೊಪ್ಪನೆ ಇಟ್ಟು, “ಕೊಳೆತಿದ್ರೆ ನನ್ನ ಕೇಳ್ಬೇಡಿ,” ಅಂದ. “ನಿಮ್ಮ ಕೈಗೆ ಹೇಗ್ರೀ ಮನಸ್ಸು ಬಂತು, ಅಂಥ ತಾಯಿನ ಕೊಲ್ಲೋಕೆ?”

“ನಾನಲ್ಲ! ನಾನು ಬರೀ ಕರಡು ತಿದ್ದೋನು!” ಅಂದ ಅಲ್ಪವಿರಾಮ. ಈ ಸಲ ಅವನು ನಗಲಿಲ್ಲ, ಕನ್ನಡಕವನ್ನೂ ಒರೆಸಲಿಲ್ಲ.

“ಈಗ ಹಾಗೆ ಹೇಳಿ,” ಅಂದ ಕಿರಾಣಿಯವನು.

ಮನೆಗೆ ಬಂದರೆ ಅತ್ತೆ ಚೀಲ ಕಟ್ಟಿಕೊಂಡು ಕೂತಿದ್ದಾರೆ. “ನಾನು ಊರಿಗೆ ಹೋಗ್ತೀನಿ,” ಅಂದರು. “ನನಗೆ ಆಪರೇಷನ್ ಬೇಡ.”

“ಅತ್ತೆ, ಅದು ಕಥೆ.”

“ಕಥೇನೇ. ಅಂಥಾ ತಾಯಿ, ಅಂಥಾ ಮಗಳು, ದೊಡ್ಡ ಆಸ್ಪತ್ರೆ. ಅವಳೇ ಉಳೀಲಿಲ್ಲ. ನಾನ್ ಉಳೀತೀನಾ?”

“ಅವಳದ್ದು ಹೃದಯ, ನಿಮ್ಮದು ಕಣ್ಣು!”

“ಹೋದ ವಾರ ಹೊಟ್ಟೆ ಅಂತಿದ್ರು,” ಅಂದರು ಅತ್ತೆ. “ಡಾಕ್ಟರಿಗೇ ಎಲ್ಲಿ ಅಂತ ಗೊತ್ತಿಲ್ಲದಿದ್ರೆ ಹೀಗೇ ಆಗೋದು.”

ಹೆಂಡತಿ ಅವನನ್ನು ಬಾಲ್ಕನಿಗೆ ಎಳೆದುಕೊಂಡು ಹೋದಳು. ಅವಳ ಕಣ್ಣು ಕೆಂಪಾಗಿತ್ತು. ಬಲಗಣ್ಣಿನ ಪೊರೆ ಹಣ್ಣಾಗಿ ಹೋಗಿದೆ, ಇನ್ನು ತಡಮಾಡಿದರೆ ಕಣ್ಣೇ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. “ನಮ್ಮಮ್ಮ ಕುರುಡಿ ಆಗ್ತಾಳ್ರೀ,” ಅಂತ ಅತ್ತಳು. ಒಂದೇ ವಾಕ್ಯ. ಅಲ್ಪವಿರಾಮನಿಗೆ ಅದರಲ್ಲಿ ತಿದ್ದುವುದಕ್ಕೆ ಏನೂ ಸಿಗಲಿಲ್ಲ.

ಡಾಕ್ಟರೇ ಬಂದು ಧೈರ್ಯ ಹೇಳಲಿ ಎಂದು ಅವನು ಕಣ್ಣಿನ ಆಸ್ಪತ್ರೆಗೆ ಓಡಿದ. ಬಾಗಿಲಲ್ಲಿದ್ದ ನರ್ಸು ಅವನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ ಏನೋ ಪಿಸುಗುಟ್ಟಿದಳು. ಅವಳು ಟೈಲರಮ್ಮನ ಹತ್ತಿರ ಬಟ್ಟೆ ಹೊಲಿಸುವವಳು. ಡಾಕ್ಟರು ಕುರ್ಚಿಯಿಂದ ಎದ್ದೇ ನಿಂತರು.

“ನೀವೇನಾ ಅವರು?”

“ಅಲ್ಲ ಡಾಕ್ಟ್ರೇ, ನಾನು...”

“ಬನ್ನಿ ಇಲ್ಲಿ. ಆ ವಾರ್ಡು ನೋಡಿ. ಯಾರಾದ್ರೂ ಕಾಣ್ತಾರಾ? ಖಾಲಿ! ಎಲ್ರೂ ಮನೆಗೆ ಹೋದ್ರು! ಒಬ್ಬ ಅಜ್ಜಿ ಟೇಬಲ್ ಮೇಲಿಂದ ಇಳಿದು ಹೋದ್ರು ಕಣ್ರೀ, ಕಣ್ಣಿಗೆ ಔಷಧಿ ಬಿಟ್ಟಿದ್ವಿ, ಗೋಡೆ ಸವರ್ಕೊಂಡು ಹೋದ್ರು! ವರ್ಷಾನುಗಟ್ಲೆ ಓದಿದೀನಿ ನಾನು. ಜನ ನನ್ನ ಮಾತು ನಂಬಲ್ಲ, ನಿಮ್ಮ ಆ ದರಿದ್ರ ಕಾದಂಬರಿ ನಂಬ್ತಾರೆ. ಹೇಗ್ರೀ ಅದು? ಏನ್ ಮಂತ್ರ ಹಾಕ್ತೀರಿ ಅದಕ್ಕೆ?”

“ಅದೇ ನನಗೂ ಗೊತ್ತಾಗ್ತಿಲ್ಲ,” ಅಂದ ಅಲ್ಪವಿರಾಮ. ಮನಸ್ಸಿನಾಳದಿಂದ ಬಂದ ಮಾತು ಅದು.

ಡಾಕ್ಟರು ಅವನನ್ನು ಬಾಗಿಲವರೆಗೆ ಅಟ್ಟಿಕೊಂಡು ಬಂದರು. ಅಲ್ಲಿ ನಿಂತು, ನರ್ಸು ಆಚೆ ಹೋಗುವುದನ್ನೇ ಕಾದು, ದನಿ ತಗ್ಗಿಸಿದರು. “ಆ ಡ್ರೈವರು ನಿಜವಾಗ್ಲೂ ಅವಳ ಚಿಕ್ಕಪ್ಪನ ಮಗನೇನಾ?”

ಅಲ್ಪವಿರಾಮ ಮನೆಗೆ ಬಂದವನೇ ಅತ್ತೆಯ ಮುಂದೆ ಕೂತು, ಯೋಚನೆ ಮಾಡದೆ ಒಂದು ಮಾತು ಆಡಿಬಿಟ್ಟ. “ಅತ್ತೆ, ಆ ತಾಯಿ ಸತ್ತಿಲ್ಲ. ಬರೋ ವಾರ ನೋಡಿ.”

“ನೀವು ಬರೆಯೋದಲ್ಲ ಅಂತೀರಿ. ಮತ್ತೆ ಹೇಗೆ ಗೊತ್ತು?”

“ಗೊತ್ತು,” ಅಂದ.

“ಸರಿ, ಬರೋ ವಾರ ಕೇಳ್ತೀನಿ. ಅವಳು ಎದ್ರೆ ನಾನೂ ಹೋಗ್ತೀನಿ.” ಅತ್ತೆ ಚೀಲವನ್ನು ಬಿಚ್ಚಲಿಲ್ಲ, ಪಕ್ಕಕ್ಕೆ ಸರಿಸಿದರು.

ಮಾರನೆಯ ದಿನ ಕಚೇರಿಯಲ್ಲಿ ಹೊಸ ಕಂತಿನ ಕರಡು ಅವನ ಮೇಜಿಗೆ ಬಂತು. ತೆಗೆದು ನೋಡಿದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಶವಯಾತ್ರೆ. ಪುಟ ತುಂಬಾ ಅಳು. ತಾಯಿ ಎದ್ದು ಕೂರುವ ಲಕ್ಷಣ ಎಲ್ಲೂ ಇಲ್ಲ. ಬರೆದವರನ್ನು ಕೇಳೋಣವೆಂದರೆ ಅವರನ್ನು ಕಚೇರಿಯಲ್ಲಿ ಯಾರೂ ಕಂಡವರಿಲ್ಲ, ಬರಹ ಅಂಚೆಯಲ್ಲಿ ಬರುತ್ತಿತ್ತು. ಸಂಪಾದಕರು ಧಾರಾವಾಹಿಯನ್ನು ಓದುವುದನ್ನು ಯಾವತ್ತೋ ನಿಲ್ಲಿಸಿದ್ದರು. ಕಣ್ಣೀರಿನ ವಾಕ್ಯಗಳನ್ನು ಇವನು ಹೊಡೆದು ಹಾಕಿದ್ದಾನೋ ಇಲ್ಲವೋ ಅಂತ ಮಾತ್ರ ನೋಡುತ್ತಿದ್ದರು. ಅಂದರೆ, ‘ಅಚ್ಚಿಗೆ ಹೋಗಬಹುದು’ ಎಂದು ಇವನು ಸಹಿ ಹಾಕಿದರೆ ಅದು ಅಚ್ಚಿಗೆ ಹೋಗುತ್ತದೆ.

ಬೇರೆಯವರ ಬರಹದಲ್ಲಿ ತನ್ನದೊಂದು ಪದವನ್ನೂ ಸೇರಿಸದೆ ಇಷ್ಟು ವರ್ಷ ಕೆಲಸ ಮಾಡಿದ ಮನುಷ್ಯ ಅವನು. ಗೊತ್ತಾದರೆ ಕೆಲಸ ಹೋಗುವುದು ಖಂಡಿತ. ಕರಡನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ತಲೆನೋವು ಎಂದು ಹೇಳಿ ಮನೆಗೆ ಬಂದ.

ಹೆಂಡತಿ ಒಲೆಯ ಮುಂದಿದ್ದಳು. ಅವನು ಅಡುಗೆಮನೆಯ ಮೂಲೆಯ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಬರೆದು, ಗಂಟಲು ಸರಿಮಾಡಿಕೊಂಡು ಓದಿದ: “‘ಗಾಳಿಯೇ ಇಲ್ಲದ ಆ ಕೋಣೆಯಲ್ಲಿ, ಬಿಳಿಯ ಹೊದಿಕೆಯ ಅಂಚು, ಒಮ್ಮೆ, ಅಲುಗಿತು.’”

“ಆಮೇಲೆ?”

“ಆಮೇಲೇನಿಲ್ಲ. ಅಷ್ಟೇ. ಬದುಕಿದ್ದಾಳೆ ಅಂತ.”

“ಏನು, ಹೊದಿಕೆನಾ?”

“ಅಯ್ಯೋ, ತಾಯಿ ಕಣೇ!”

“ಹಾಗಂತ ಹೇಳಿ ಮತ್ತೆ!”

ಅವನು ನೊಂದುಕೊಂಡು ಅದನ್ನು ಹೊಡೆದುಹಾಕಿದ. ಮತ್ತೆ ಬರೆದ. “ತಾಯಿ ಕಣ್ಣು ತೆರೆದಳು.” ಅಷ್ಟರಲ್ಲಿ ಅವಳು ಈರುಳ್ಳಿಯನ್ನು ಎಣ್ಣೆಗೆ ಸುರಿದಳು. ಚೊರ್ ಎಂದಿತು.

“ಏನಂದ್ರಿ?”

“ತಾಯಿ ಕಣ್ಣು ತೆರೆದಳು.” ಅವಳು ನಲ್ಲಿ ತಿರುಗಿಸಿದಳು, ನೀರು ದಬದಬ ಸುರಿಯಿತು.

“ಯಾರು?”

“ತಾಯಿ! ಬದುಕಿದ್ದಾಳೆ! ಸತ್ತಿಲ್ಲ, ಬದುಕಿದ್ದಾಳೆ!” ಅಂತ ಅಲ್ಪವಿರಾಮ ಕಿರುಚಿದ. ಎದುರುಮನೆಯಲ್ಲಿ ನನ್ನ ಕೈಯ ಚಹಾ ತುಳುಕಿತು.

ಹೆಂಡತಿ ಒಲೆ ಆರಿಸಿದಳು. ಕೈಯಲ್ಲಿ ಸೌಟು ಹಿಡಿದೇ ತಿರುಗಿದಳು. “ಅಯ್ಯೋ, ನಿಜವಾಗ್ಲೂ?” ಕಣ್ಣಲ್ಲಿ ನೀರು.

“ನಿಮ್ಮಮ್ಮನಿಗೋಸ್ಕರ ಈಗ ತಾನೇ ನಿನ್ನ ಮುಂದೆ ಕೂತು ನಾನೇ ಬದುಕಿಸಿದೆನಲ್ಲೇ!”

“ಗೊತ್ತು. ಆದ್ರೂ, ಬದುಕಿದ್ಲಲ್ಲ!”

ಅಲ್ಪವಿರಾಮ ಒಂದು ಸಲ ಒಲೆಯ ಕಡೆ ನೋಡಿದ, ಒಂದು ಸಲ ನಲ್ಲಿಯ ಕಡೆ. ಮೊದಲನೆಯ ವಾಕ್ಯ ಈರುಳ್ಳಿಗೆ ಹೋಗಿತ್ತು, ಎರಡನೆಯದು ನೀರಿಗೆ. ಮನುಷ್ಯರಿಗೆ ತಲುಪಿದ್ದು ಮೂರನೆಯದು. ಅವನು ಮೂರನ್ನೂ ಹಾಗೇ ಬರೆದುಕೊಂಡ.

ಇನ್ನೊಂದು ತೊಡಕಿತ್ತು. ಪುಟದಿಂದ ಎಷ್ಟು ಸಾಲು ತೆಗೆಯುತ್ತಾರೋ ಅಷ್ಟೇ ಸಾಲು ತುಂಬಬೇಕು, ಇಲ್ಲದಿದ್ದರೆ ಕೆಳಗೆ ಬೋಳು ಜಾಗ ಉಳಿಯುತ್ತದೆ. ಇಡೀ ಶವಯಾತ್ರೆಯನ್ನೇ ತೆಗೆದಿದ್ದಾನೆ, ಒಬ್ಬ ತಾಯಿ ಕಣ್ಣು ತೆರೆಯಲು ಎಷ್ಟು ಜಾಗ ಬೇಕು! ಹಾಗಾಗಿ ಅವಳು ಕಣ್ಣು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ನಾಯಕಿ ‘ಅಮ್ಮಾ’ ಅಂದಳು, ಅಮ್ಮ ‘ಮಗಳೇ’ ಅಂದಳು, ಮಗಳು ‘ಅಮ್ಮಾ’ ಅಂದಳು. ಹೀಗೆ ಅರ್ಧ ಪುಟ ಸಾಗಿತು.

“ಡಾಕ್ಟರು ಸತ್ತಳು ಅಂದಿದ್ರಲ್ಲ, ಅದಕ್ಕೇನು ಮಾಡ್ತೀರಿ?” ಅಂತ ಹೆಂಡತಿ ಕೇಳಿದಳು.

“ಪಕ್ಕದ ಹಾಸಿಗೆಯವರ ನಾಡಿ ನೋಡಿಬಿಟ್ಟಿದ್ರು ಅಂತ ಹಾಕ್ತೀನಿ.”

“ಬೇಡಾರೀ, ಹಾಗಾದ್ರೆ ಪಕ್ಕದ ಹಾಸಿಗೆಯವರು ಸತ್ರು ಅಂತಾಗತ್ತೆ. ಅಮ್ಮ ಅದಕ್ಕೂ ಹೆದರ್ತಾಳೆ.”

“ಸರಿ, ಪಕ್ಕದ ಹಾಸಿಗೆ ಖಾಲಿ ಇತ್ತು.” ಬರೆದದ್ದನ್ನು ಅವನೇ ಒಮ್ಮೆ ಓದಿಕೊಂಡ. “ಖಾಲಿ ಹಾಸಿಗೆಯ ನಾಡಿ ಹೇಗೆ ನೋಡ್ತಾರೆ?”

“ಅದನ್ನ ಯಾರು ಕೇಳ್ತಾರೆ!”

‘ಅವಸರದಲ್ಲಿದ್ದ ಡಾಕ್ಟರು ಪಕ್ಕದ ಖಾಲಿ ಹಾಸಿಗೆಯ ನಾಡಿ ನೋಡಿ ತಲೆಯಾಡಿಸಿದ್ದರು.’ ಇದೇ ವಾಕ್ಯ. ಅಲ್ಪವಿರಾಮ ಕಣ್ಣು ಮುಚ್ಚಿ, ಅದರ ಕೆಳಗೆ ‘ಅಚ್ಚಿಗೆ ಹೋಗಬಹುದು’ ಎಂದು ಬರೆದು ಸಹಿ ಹಾಕಿದ.

ಪತ್ರಿಕೆ ಬಂದ ದಿನ ಟೈಲರಮ್ಮ ಮೇಲಿನ ಮಹಡಿಯಿಂದ ಕೆಳಗಿನವರೆಗೆ “ಬದುಕಿದ್ಲು! ಬದುಕಿದ್ಲು!” ಅಂತ ಕೂಗಿಕೊಂಡು ಇಳಿದಳು. ಕಿರಾಣಿಯವನು ಟೊಮೇಟೊ ಚೀಲವನ್ನು ಮನೆಗೇ ತಂದುಕೊಟ್ಟ. ನಮ್ಮ ಮನೆಯಲ್ಲಿ ಮತ್ತೆ ಅಡುಗೆ ಶುರುವಾಯಿತು. ಖಾಲಿ ಹಾಸಿಗೆಗೆ ನಾಡಿ ಎಲ್ಲಿರುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ನಾನು ಕೇಳಲು ಹೋದೆ, ಹೆಂಡತಿ ನನ್ನ ಮುಂದಿನ ತಟ್ಟೆಯನ್ನು ನೋಡಿದಳು, ಸುಮ್ಮನಾದೆ.

ಅತ್ತೆ ಮಗಳ ಬಾಯಿಂದ ಇಡೀ ಕಂತನ್ನು ಕೇಳಿದರು. ಖಾಲಿ ಹಾಸಿಗೆಯ ಸಾಲು ಬಂದಾಗ “ಇನ್ನೊಂದ್ಸಲ ಓದು” ಅಂದರು. ಕೇಳಿ ಆದ ಮೇಲೆ, “ಸರಿ, ನಡೀರಿ ಆಸ್ಪತ್ರೆಗೆ,” ಅಂದರು.

ಅವರನ್ನು ಒಳಗೆ ಕರೆದುಕೊಂಡು ಹೋಗುವಾಗ ಡಾಕ್ಟರು ಅಲ್ಪವಿರಾಮನ ಹತ್ತಿರ ಬಂದರು. ವಾರ್ಡು ಭರ್ತಿಯಾಗಿತ್ತು. “ನನ್ನ ವೃತ್ತಿಗೇ ಅವಮಾನ ಮಾಡಿದೀರಿ,” ಅಂದರು. “ಖಾಲಿ ಹಾಸಿಗೆ ನಾಡಿ ನೋಡೋ ಡಾಕ್ಟರು ಯಾರ್ರೀ ಇರ್ತಾರೆ?” ಆಮೇಲೆ ಅವನ ಕೈ ಹಿಡಿದು ಕುಲುಕಿದರು. “ಇರ್ಲಿ. ಬದುಕಿದ್ಲಲ್ಲ.”

ಅತ್ತೆಯ ಕಣ್ಣಿಗೆ ಪಟ್ಟಿ ಕಟ್ಟಿ ಹೊರಗೆ ತಂದದ್ದೇ ತಡ, ಕಚೇರಿಯಿಂದ ಫೋನು ಬಂತು. ಸಂಪಾದಕರು ಕೂಡಲೇ ಬಾ ಎಂದಿದ್ದರು. ಮುಂದಿನದನ್ನು ನಾನು ನೋಡಿಲ್ಲ. ಅಲ್ಪವಿರಾಮ ಹೇಳಿದ್ದು, ಸ್ವಲ್ಪ ನಾನು ಸೇರಿಸಿದ್ದೇನೆ.

ಸಂಪಾದಕರ ಎದುರು ಒಬ್ಬ ಸಣಕಲು ಮನುಷ್ಯ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಮೊಣಕಾಲ ಮೇಲೆ ಚೀಲ. ಬಾಡಿದ ಹೂವಿಗೆ ಬೆಂಕಿ ಹಚ್ಚಿದವರು ಅವರೇ.

“ಶವಯಾತ್ರೆ ಎಲ್ಲಿ ಹೋಯ್ತು?” ಅಂತ ಕೇಳಿದರು ಕಾದಂಬರಿಕಾರರು.

ಅಲ್ಪವಿರಾಮ ಒಂದೇ ಉಸಿರಿಗೆ ಅತ್ತೆ, ಪೊರೆ, ಕಟ್ಟಿದ ಚೀಲ, ಖಾಲಿ ವಾರ್ಡು ಎಲ್ಲವನ್ನೂ ಒದರಿಬಿಟ್ಟ. ಅವನ ಜೀವನದಲ್ಲಿ ಅಷ್ಟು ಉದ್ದದ ಮಾತನ್ನು ಒಂದೂ ಅಲ್ಪವಿರಾಮವಿಲ್ಲದೆ ಆಡಿದ್ದು ಅದೇ ಮೊದಲು.

ಸಂಪಾದಕರು ಮೇಜು ಗುದ್ದಿದರು. “ನಿನ್ನನ್ನ ಇವತ್ತೇ ಮನೆಗೆ ಕಳಿಸ್ಬೇಕು ಅಂತಲೇ ಕರೆಸಿದ್ದು! ಆದ್ರೆ ಅದನ್ನ ನೋಡು.” ಮೂಲೆಯಲ್ಲಿ ಚೀಲಗಟ್ಟಲೆ ಓದುಗರ ಪತ್ರಗಳು. “ಆ ಖಾಲಿ ಹಾಸಿಗೆಯ ಬಗ್ಗೆ ಬರೆಯದವರೇ ಇಲ್ಲ. ‘ನಾಡಿ ನೋಡುವಾಗ ಕೈ ನಡುಗಿತು’ ಅಂತ ಒಬ್ರು ಬರ್ದಿದಾರೆ. ಯಾರ ಕೈ ಅಂತ ಬರ್ದಿಲ್ಲ.”

ಕಾದಂಬರಿಕಾರರು ಅಲ್ಪವಿರಾಮನನ್ನೇ ನೋಡುತ್ತಿದ್ದರು. ಕೋಪವೇನೂ ಇರಲಿಲ್ಲ. ಅಸೂಯೆ ಇತ್ತು. “ಖಾಲಿ ಹಾಸಿಗೆಯ ನಾಡಿ,” ಅಂದರು ಮೆಲ್ಲಗೆ. “ಇಷ್ಟು ವರ್ಷ ಬರೆದೆ, ಇಷ್ಟು ಕೆಟ್ಟ ಸಾಲು ನನಗೆ ಹೊಳೀಲಿಲ್ಲ. ಹೇಗೆ ಹೊಳೀತು ನಿಮಗೆ?”

“ನಮ್ಮ ಅತ್ತೆ ಹೆದರ್ಬಾರ್ದಿತ್ತು ಸಾರ್.”

“ಹೂಂ.” ಅವರು ಚೀಲದ ಹಿಡಿಯನ್ನು ತಿರುಗಿಸುತ್ತಾ ಕೂತರು. “ನಾನು ಎರಡು ಒಳ್ಳೆ ಕಾದಂಬರಿನೂ ಬರ್ದಿದೀನಿ, ಗೊತ್ತಾ? ಬಹಳ ಚೆನ್ನಾಗಿವೆ. ಒಂದರ ಮೇಲೆ ನಮ್ಮನೆ ಫ್ರಿಜ್ ನಿಂತಿದೆ. ಅದನ್ನ ಯಾಕೆ ಓದಲ್ಲ, ಇದನ್ನ ಯಾಕೆ ಓದ್ತಾರೆ ಅಂತ ನನಗೂ ಗೊತ್ತಿಲ್ಲ. ನಿಮಗೆ ಏನಾದ್ರೂ ಗೊತ್ತಾದ್ರೆ ಹೇಳಿ.”

ಒಬ್ಬ ಬರೆಯುವವನು, ಒಬ್ಬ ತಿದ್ದುವವನು, ಒಬ್ಬ ಮಾರುವವನು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು.

“ಆ ತಾಯಿನ ನಾನು ಕೊಂದಿದ್ದು ಅವಳ ಬಾಯಲ್ಲಿ ಏನು ಮಾತಾಡಿಸ್ಬೇಕು ಅಂತ ತೋಚದೆ,” ಅಂತ ಎದ್ದು ನಿಂತರು ಕಾದಂಬರಿಕಾರರು. “ಬದುಕಿಸಿದವರು ನೀವು, ಇನ್ಮೇಲೆ ಸಾಕೋದೂ ನೀವೇ. ತಾಯಿ ಬರೋ ಪುಟ ಎಲ್ಲಾ ನಿಮ್ಮದು.”

“ನಾನಾ?”

“ಮತ್ತಿನ್ಯಾರು?” ಅಂದರು ಸಂಪಾದಕರು. “ಕರಡೂ ನೀನೇ ನೋಡು. ಹೊಡೆದು ಗಿಡೆದು ಹಾಕೀಯ, ಹುಷಾರ್.”

ಹೀಗೆ ಅಲ್ಪವಿರಾಮನ ಮೇಲಿದ್ದ ಸುಳ್ಳು ಅಪವಾದ ನಿಜವಾಯಿತು. ಈಗ ಯಾರಾದರೂ “ನೀವೇನಾ ಬರೆಯೋದು?” ಅಂದರೆ ಅವನು ಮುಖ ತಿರುಗಿಸಿ ಓಡುತ್ತಾನೆ. ಸುಳ್ಳಾಗಿದ್ದಾಗ ಎಷ್ಟು ಚೆನ್ನಾಗಿ ನಗುತ್ತಿದ್ದ, ಪಾಪ!

ಅತ್ತೆಯ ಬಲಗಣ್ಣಿನ ಪಟ್ಟಿ ತೆಗೆದು, ಡಾಕ್ಟರು ಓದಬಹುದು ಎಂದು ಹೇಳಿದ ದಿನ ನಾನೂ ಅವರ ಮನೆಯಲ್ಲಿದ್ದೆ. ಅವರು ಮೊದಲು ಮಗ್ಗಲಲ್ಲಿದ್ದ ಮಗಳ ಮುಖವನ್ನು ನೋಡಿದರು. ಬಹಳ ಹೊತ್ತು ನೋಡಿದರು. “ಬೆಳ್ಳಗಾಗಿದೆಯಲ್ಲೇ ಕೂದಲು,” ಅಂದರು. ಆಮೇಲೆ ಕಪಾಟಿನ ಕಡೆ ನೋಡಿ ನಕ್ಕರು. ಆಮೇಲೆ “ಪತ್ರಿಕೆ ಕೊಡು” ಅಂದರು.

ಓದಿದ್ದು ಹೊಸ ಕಂತು, ಪೂರ್ತಿ ತಾಯಿಯ ಪುಟ. ಅಲ್ಪವಿರಾಮ ಬಾಗಿಲಲ್ಲಿ ಉಗುರು ಕಚ್ಚುತ್ತಾ ನಿಂತಿದ್ದ. ಅತ್ತೆ ತುಟಿ ಅಲುಗಿಸುತ್ತಾ ಕೊನೆಯ ಸಾಲಿನವರೆಗೆ ಓದಿ, ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡರು.

“ಚೆನ್ನಾಗಿಲ್ಲ ಅಳಿಯಂದ್ರೇ.”

ಅವನು ಬಿಳಿಚಿಕೊಂಡ. “ಏನ್ ಚೆನ್ನಾಗಿಲ್ಲ ಅತ್ತೆ?”

“ಯಾವುದೂ ಚೆನ್ನಾಗಿಲ್ಲ. ಖಾಲಿ ಹಾಸಿಗೆಗೆ ನಾಡಿ ನೋಡಿದ್ರಲ್ಲ, ಅದಂತೂ ದೇವರಿಗೇ ಪ್ರೀತಿ. ನೀವು ಮೊದಲಿನಿಂದ ಬರೆದಿಲ್ಲ ಅಂತ ನನಗೆ ಗೊತ್ತಿತ್ತು. ಆ ವಾರದ್ದು ನೀವೇ ಅನ್ನೋದೂ ಗೊತ್ತಿತ್ತು. ಅಡುಗೆಮನೆಯಿಂದ ಎಲ್ಲಾ ಕೇಳಿಸ್ತಿತ್ತು. ಕಣ್ಣು ಮಂದ ಆಗಿತ್ತು, ಕಿವಿಯಲ್ಲ.”

ಮಗಳ ಕೈಯಿಂದ ನೀರಿನ ಲೋಟ ಜಾರುವುದರಲ್ಲಿತ್ತು. ಅಲ್ಪವಿರಾಮ ತೊದಲಿದ, “ಸುಳ್ಳು ಅಂತ ಗೊತ್ತಿದ್ದೂ ಆಪರೇಷನ್‌ಗೆ ಹೋದ್ರಾ?”

“ಹೋಗದೆ? ಒಂದು ಪದ ಆಚೀಚೆ ಆದ್ರೆ ಊಟ ಬಿಡೋ ಮನುಷ್ಯ ನೀವು. ನನಗೋಸ್ಕರ ಅಷ್ಟು ಕೆಟ್ಟದಾಗಿ ಬರೆದ್ರಿ. ಆಮೇಲೂ ಹೋಗದಿದ್ರೆ ನಾನೆಂಥ ಮನುಷ್ಯಳು?”

ಅಲ್ಪವಿರಾಮ ಕನ್ನಡಕ ತೆಗೆದ. ಅವನು ಅತ್ತ. ಅವನ ಕಣ್ಣಲ್ಲಿ ನೀರು ಬಂತು. ಕಣ್ಣೀರು ಹರಿಯಿತು. ಕ್ಷಮಿಸಿ, ಹಾಗೆ ಹೇಳದೆ ಬೇರೆ ದಾರಿಯಿಲ್ಲ, ನಾನು ಕಣ್ಣಾರೆ ಕಂಡಿದ್ದೇನೆ.

ಅತ್ತೆ ಪತ್ರಿಕೆಯನ್ನು ಮತ್ತೆ ಎತ್ತಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

“ಅದಿರ್ಲಿ ಬಿಡಿ. ಈ ಬಾಗಿಲು ತಟ್ಟಿದ್ದು ಯಾರು? ಮುಂದೇನಾಗತ್ತೆ?”

“ಅದು, ಇನ್ನೂ ಯೋಚನೆ ಮಾಡಿಲ್ಲ ಅತ್ತೆ.”

“ಮತ್ತೆ ಇಲ್ಲಿ ನಿಂತು ಅಳ್ತಿದೀರಲ್ಲ,” ಅಂದರು ಅತ್ತೆ. “ಹೋಗಿ ಬರೀರಿ!”